ಸಂತೈಸುವ ದೇವರು, ಸಂತೈಸುವ ಸಭೆ: 2 ಕೊರಿಂಥ 1:3–11ರ ಬೆಳಕಿನಲ್ಲಿ ಸಂಕಟ ಮತ್ತು ಹಿಂಸೆ

ಸಂಕಟಕ್ಕೊಳಗಾದ ಕುಟುಂಬವನ್ನು ಕಾಣಲು ಹೋಗುವ ಸಭಾಪಾಲಕನಿಗೆ ಹೊಸ್ತಿಲಲ್ಲಿಯೇ ಒಂದು ಪ್ರಶ್ನೆ ಎದುರಾಗುತ್ತದೆ: ಈಗ ನಾನು ಏನು ಹೇಳಬೇಕು? ಸಾಮಾನ್ಯವಾಗಿ ನಾವು ಎರಡರಲ್ಲಿ ಒಂದು ದಾರಿಯನ್ನು ಹಿಡಿಯುತ್ತೇವೆ. ಬಂದ ಕಷ್ಟಕ್ಕೆ ಕಾರಣವನ್ನು ವಿವರಿಸುತ್ತೇವೆ, ಇಲ್ಲವೇ ಎಲ್ಲವೂ ಬೇಗನೆ ಸರಿಹೋಗುವುದೆಂದು ಭರವಸೆ ಕೊಡುತ್ತೇವೆ. ಯೋಬನ ಸ್ನೇಹಿತರು ಏಳು ದಿನ ಅವನೊಂದಿಗೆ ನೆಲದ ಮೇಲೆ ಮೌನವಾಗಿ ಕುಳಿತಿದ್ದರು. ಅದು ಅವರು ಮಾಡಿದ ಉತ್ತಮ ಸೇವೆ. ಅವರು ತಪ್ಪಿದ್ದು ಬಾಯಿ ತೆರೆದು ವಿವರಣೆಗೆ ತೊಡಗಿದ ಮೇಲೆ. ಕೊನೆಯಲ್ಲಿ ದೇವರ ಕೋಪಕ್ಕೆ ಗುರಿಯಾದವರು ಗೋಳಾಡಿದ ಯೋಬನಲ್ಲ, ದೇವರ ಪರವಾಗಿ ವಾದಿಸಿದ ಆ ಸ್ನೇಹಿತರೇ (ಯೋಬ 42:7). ಹಾಗಾದರೆ ಕ್ರೈಸ್ತ ಸಾಂತ್ವನವೆಂದರೆ ಏನು? ಪೌಲನು ಕೊರಿಂಥದವರಿಗೆ ಬರೆದ ಎರಡನೆಯ ಪತ್ರಿಕೆಯ ಆರಂಭವು ಈ ಪ್ರಶ್ನೆಗೆ ಉತ್ತರ ಕೊಡುತ್ತದೆ.

ಈ ಪತ್ರಿಕೆಯ ಮೊದಲನೆಯ ಅಧ್ಯಾಯದ 3ರಿಂದ 7ರವರೆಗಿನ ಐದೇ ವಚನಗಳಲ್ಲಿ 'ಪರಾಕ್ಲೇಸಿಸ್' ಎಂಬ ಗ್ರೀಕ್ ನಾಮಪದವೂ ಅದರ ಕ್ರಿಯಾಪದವೂ ಸೇರಿ ಹತ್ತು ಸಾರಿ ಬರುತ್ತವೆ. ಈ ಕ್ರಿಯಾಪದದ ಮೂಲಾರ್ಥ 'ಬಳಿಗೆ ಕರೆಯುವುದು'. ಅದರಿಂದ ಬೇಡಿಕೊಳ್ಳುವುದು, ಎಚ್ಚರಿಸುವುದು, ಧೈರ್ಯ ತುಂಬುವುದು, ಸಂತೈಸುವುದು ಎಂಬ ಅರ್ಥಗಳು ಬೆಳೆದಿವೆ. ಯೆಶಾಯನ ಗ್ರಂಥದ 40ನೆಯ ಅಧ್ಯಾಯವು ಆರಂಭವಾಗುವುದು ಸೆರೆಹೋದ ಜನರನ್ನು ಸಂತೈಸಿರೆಂಬ ಆಜ್ಞೆಯಿಂದ. ಅದರ ಪ್ರಾಚೀನ ಗ್ರೀಕ್ ಅನುವಾದವು ಅಲ್ಲಿ ಬಳಸಿರುವುದೂ ಇದೇ ಕ್ರಿಯಾಪದ. ಯೋಹಾನನ ಸುವಾರ್ತೆಯು ಪವಿತ್ರಾತ್ಮನನ್ನು ಕರೆಯುವ 'ಪರಾಕ್ಲೇತೊಸ್' ಎಂಬ ಹೆಸರು ಇದೇ ಮೂಲದಿಂದ ಬಂದಿದೆ. ಕನ್ನಡ ಸತ್ಯವೇದದಲ್ಲಿ ಕೊರಿಂಥ ಪತ್ರಿಕೆಯಲ್ಲಿ 'ಸಂತೈಸು' ಎಂದೂ ಯೋಹಾನನಲ್ಲಿ 'ಸಹಾಯಕ' ಎಂದೂ ಓದುವ ನಮಗೆ ಈ ಸಂಬಂಧವು ಸುಲಭವಾಗಿ ಕಾಣದು. ಎರಡನ್ನೂ ಒಟ್ಟಿಗೆ ಇಟ್ಟು ನೋಡಿದರೆ ಸಾಂತ್ವನವು ಮನಸ್ಸಿನ ಒಂದು ನೆಮ್ಮದಿ ಮಾತ್ರವಲ್ಲವೆಂಬುದು ತಿಳಿಯುತ್ತದೆ. ಒಬ್ಬನು ನಮ್ಮ ಪಕ್ಕಕ್ಕೆ ಬಂದು ನಿಲ್ಲುವುದೇ ಅದರ ತಿರುಳು.

ಇದಕ್ಕೆ ಎದುರಾಗಿ ಪೌಲನು 'ಸಂಕಟ' ಎಂಬುದಕ್ಕೆ ಬಳಸುವ ಪದ 'ಥ್ಲಿಪ್ಸಿಸ್'. ಅದರ ಮೂಲದಲ್ಲಿರುವುದು ಒತ್ತುವಿಕೆ, ಅದುಮುವಿಕೆ. ಜನರ ಗುಂಪು ಯೇಸುವನ್ನು ನೂಕಿ ಒತ್ತದಂತೆ ದೋಣಿಯನ್ನು ಸಿದ್ಧವಾಗಿಡಲು ಆತನು ಹೇಳಿದ ಸಂದರ್ಭದಲ್ಲಿ (ಮಾರ್ಕ 3:9) ಇದೇ ಧಾತುವಿನ ಕ್ರಿಯಾಪದವಿದೆ. ಆಸ್ಯಸೀಮೆಯಲ್ಲಿ ತನಗೊದಗಿದ ಒತ್ತಡವು ಬಲಕ್ಕೆ ಮೀರಿದ್ದಾಗಿತ್ತೆಂದೂ ಜೀವದ ಆಸೆಯನ್ನೇ ಬಿಟ್ಟಿದ್ದೆನೆಂದೂ ಪೌಲನು ಮುಚ್ಚುಮರೆಯಿಲ್ಲದೆ ತಿಳಿಸುತ್ತಾನೆ (1:8). ನಂಬಿಕೆಯುಳ್ಳವನು ಕುಗ್ಗಬಾರದೆಂದು ಬೋಧಿಸುವವರು ಈ ವಚನವನ್ನು ಮತ್ತೊಮ್ಮೆ ಓದಬೇಕು. ಅಪೊಸ್ತಲನೇ ಕುಗ್ಗಿದನು, ಕುಗ್ಗಿದ್ದನ್ನು ಸಭೆಗೆ ಬರೆದು ತಿಳಿಸಿದನು.

ಇಂಥವನನ್ನು ದೇವರು ಸಂತೈಸಿದ್ದು ಹೇಗೆ? ಪತ್ರಿಕೆಯಲ್ಲಿ ಮೂರು ಉತ್ತರಗಳು ದೊರೆಯುತ್ತವೆ. ಮೊದಲನೆಯದಾಗಿ, ಸತ್ತವರನ್ನು ಎಬ್ಬಿಸುವ ದೇವರ ಮೇಲೆ ಭರವಸವಿಡಲು ಅವನು ಕಲಿತನು (1:9). ಸಾಂತ್ವನದ ತಳಹದಿ ಕ್ರಿಸ್ತನ ಶಿಲುಬೆ ಮತ್ತು ಪುನರುತ್ಥಾನ. ಪರಿಸ್ಥಿತಿ ಸುಧಾರಿಸುವ ಸಂಭವವಲ್ಲ. ಎರಡನೆಯದಾಗಿ, ಕೊರಿಂಥದವರ ಪ್ರಾರ್ಥನೆಯು ತನಗೆ ನೆರವಾಗುತ್ತದೆಂದು ಅವನು ಎಣಿಸುತ್ತಾನೆ (1:11). ಮೂರನೆಯದು ಏಳನೆಯ ಅಧ್ಯಾಯದಲ್ಲಿದೆ. ಮಕೆದೋನ್ಯದಲ್ಲಿ ಹೊರಗೆ ಜಗಳಗಳೂ ಒಳಗೆ ಭಯವೂ ಆವರಿಸಿದ್ದಾಗ ದೇವರು ಅವನನ್ನು ಸಂತೈಸಿದ್ದು ತೀತನ ಆಗಮನದಿಂದ (7:5–7). ಇಲ್ಲಿ ದರ್ಶನವಿಲ್ಲ, ಅದ್ಭುತಕಾರ್ಯವಿಲ್ಲ. ಪ್ರಯಾಣದ ದೂಳಿನೊಂದಿಗೆ ಒಬ್ಬ ಸಹಸೇವಕನು ಒಳ್ಳೆಯ ಸುದ್ದಿಯನ್ನು ಹೊತ್ತು ಬಂದನು, ಅಷ್ಟೆ. ಅದನ್ನೇ ಪೌಲನು ದೇವರ ಕಾರ್ಯವೆಂದು ಕರೆದನು. ದೇವರಿಂದ ಹೊಂದಿದ ಸಾಂತ್ವನವು ಇತರರನ್ನು ಸಂತೈಸಲು ಶಕ್ತಿಕೊಡುತ್ತದೆಂಬ ನಾಲ್ಕನೆಯ ವಚನದ ಬೋಧನೆಗೆ ತೀತನೇ ಜೀವಂತ ನಿದರ್ಶನ.

ಈ ಬೋಧನೆಯನ್ನು ಆದಿಸಭೆಯು ಹೇಗೆ ನಡೆಸಿತೆಂಬುದಕ್ಕೆ ಉತ್ತರ ಆಫ್ರಿಕದ ಕಾರ್ಥೇಜ್ ನಗರದ ಸೆರೆಮನೆ ಸಾಕ್ಷಿಯಾಗಿದೆ. 203ರಲ್ಲಿ ರಕ್ತಸಾಕ್ಷಿಯಾದ ಪೆರ್ಪೆತುವಾ ಎಂಬ ಯುವತಿಯ ಸೆರೆಮನೆಯ ಬರಹವು ನಮಗೆ ಉಳಿದುಬಂದಿದೆ. ಕ್ರೈಸ್ತ ಸ್ತ್ರೀಯೊಬ್ಬಳಿಂದ ರಚಿತವಾಗಿ ಉಳಿದಿರುವ ಅತಿ ಪ್ರಾಚೀನ ಬರಹಗಳಲ್ಲಿ ಅದೂ ಒಂದು. ಬಂಧಿತಳಾದಾಗ ಅವಳಿಗೆ ಮೊಲೆಹಾಲು ಕುಡಿಯುವ ಕೂಸಿತ್ತು. ಕತ್ತಲೆ, ಉಸಿರುಕಟ್ಟಿಸುವ ಸೆಕೆ, ಸೈನಿಕರ ಕಾಟ ಇವೆಲ್ಲವನ್ನೂ ಹೇಳಿ, ಎಲ್ಲಕ್ಕಿಂತ ಹೆಚ್ಚಾಗಿ ಕೂಸಿನ ಚಿಂತೆಯೇ ತನ್ನನ್ನು ಹಿಂಡಿತೆಂದು ಅವಳು ಬರೆಯುತ್ತಾಳೆ. ಆಗ ತೆರ್ತಿಯುಸ್ ಮತ್ತು ಪೊಂಪೋನಿಯುಸ್ ಎಂಬ ಇಬ್ಬರು ಸಭಾಸೇವಕರು ಕಾವಲುಗಾರರಿಗೆ ಹಣ ತೆತ್ತು, ಬಂದಿಗಳು ಕೆಲವು ಗಂಟೆಗಳ ಕಾಲ ಸೆರೆಮನೆಯ ಉತ್ತಮ ಭಾಗದಲ್ಲಿರುವಂತೆ ಮಾಡಿದರು. ಅಲ್ಲಿ ಅವಳು ಹಸಿವಿನಿಂದ ಬಳಲಿದ್ದ ಕೂಸಿಗೆ ಹಾಲೂಡಿಸಿದಳು. ಮುಂದೆ ಕೂಸನ್ನು ತನ್ನ ಬಳಿಯಲ್ಲಿಟ್ಟುಕೊಳ್ಳಲು ಅನುಮತಿ ದೊರೆತಾಗ ಸೆರೆಮನೆಯೇ ಅವಳಿಗೆ ಅರಮನೆಯಂತಾಯಿತು. ಮಹಾದರ್ಶನಗಳನ್ನು ಕಂಡವಳೆಂದು ಸಭೆಯು ಸ್ಮರಿಸುವ ಈ ಸಾಕ್ಷಿಯ ಬರಹದಲ್ಲಿ ದರ್ಶನಗಳಿಗಿಂತ ಮುಂಚೆ ಬರುವುದು ಸಭಾಸೇವಕರ ಈ ಉಪಕಾರ.

ಅವಳ ಜೊತೆಯಲ್ಲಿದ್ದ ದಾಸಿ ಫೆಲಿಸಿತಾಸ್ ಎಂಟು ತಿಂಗಳ ಗರ್ಭಿಣಿ. ಸೆರೆಯಲ್ಲಿ ಹೆರಿಗೆಯ ನೋವಿನಿಂದ ನರಳುತ್ತಿದ್ದಾಗ ಕಾವಲಿನವನೊಬ್ಬನು, ಇಷ್ಟಕ್ಕೇ ಕೂಗುವವಳು ಮೃಗಗಳ ಮುಂದೆ ಏನು ಮಾಡುವಿಯೆಂದು ಹಂಗಿಸಿದನು. ಈಗಿನ ನೋವನ್ನು ತಾನು ಅನುಭವಿಸುತ್ತಿರುವಳೆಂದೂ ಅಲ್ಲಿಯಾದರೋ ತನಗೋಸ್ಕರ ನೋಯುವ ಇನ್ನೊಬ್ಬನು ತನ್ನೊಳಗಿರುವನೆಂದೂ ಅವಳು ಉತ್ತರಿಸಿದಳು. ಕ್ರಿಸ್ತನ ಬಾಧೆಗಳು ನಮ್ಮಲ್ಲಿ ಹೆಚ್ಚಿದಂತೆ ಸಾಂತ್ವನವೂ ಆತನ ಮೂಲಕ ಹೆಚ್ಚುತ್ತದೆಂಬ ಪೌಲನ ಮಾತಿನ (1:5) ಅರ್ಥವನ್ನು ಇದಕ್ಕಿಂತ ಸ್ಪಷ್ಟವಾಗಿ ಹೇಳುವುದು ಕಷ್ಟ. ಅವಳು ನೋವನ್ನು ಅಲ್ಲಗಳೆಯಲಿಲ್ಲ, ಕೂಗಿದ್ದಕ್ಕೆ ನಾಚಲೂ ಇಲ್ಲ. ಅವಳು ಹೆತ್ತ ಹೆಣ್ಣುಕೂಸನ್ನು ಸಭೆಯ ಸಹೋದರಿಯೊಬ್ಬಳು ಮಗಳಂತೆ ಸಾಕಿದಳು.

ಆದರೆ ಹಿಂಸೆಯಲ್ಲಿ ಎಲ್ಲರೂ ಸ್ಥಿರವಾಗಿ ನಿಲ್ಲುವುದಿಲ್ಲ. 250ರಲ್ಲಿ ಚಕ್ರವರ್ತಿ ದೆಸಿಯುಸನ ಆಜ್ಞೆಯಿಂದ ಇದೇ ಕಾರ್ಥೇಜಿನಲ್ಲಿ ಅನೇಕ ಕ್ರೈಸ್ತರು ದೇವತೆಗಳಿಗೆ ಬಲಿಯರ್ಪಿಸಿದರು. ಬೇರೆ ಕೆಲವರು ಬಲಿಯರ್ಪಿಸದೆಯೇ ಅರ್ಪಿಸಿದೆವೆಂಬ ಪತ್ರವನ್ನು ಪಡೆದುಕೊಂಡರು. ಇವರಿಗೂ ಸಾಂತ್ವನವುಂಟೇ? ಬಿಷಪ್ ಸಿಪ್ರಿಯಾನನು ಮೊದಲು ಕಠಿಣವಾದ ದಾರಿಯನ್ನೇ ಹಿಡಿದನು. 251ರ ಸಭಾಸಮ್ಮೇಳನವು ಪತ್ರ ಪಡೆದವರನ್ನು ವಿಚಾರಿಸಿ ಸೇರಿಸಿಕೊಳ್ಳಲೂ, ಬಲಿಯರ್ಪಿಸಿ ಪಶ್ಚಾತ್ತಾಪಪಟ್ಟವರಿಗೆ ಮರಣಕಾಲದಲ್ಲಿ ಸಮಾಧಾನವನ್ನು ಕೊಡಲೂ ತೀರ್ಮಾನಿಸಿತು. ತರುವಾಯ ಮತ್ತೆ ಹಿಂಸೆಯ ಸೂಚನೆಗಳು ಕಂಡಾಗ, ಪಶ್ಚಾತ್ತಾಪದಲ್ಲಿ ನಿಂತವರೆಲ್ಲರಿಗೂ ಕರ್ತನ ಭೋಜನವನ್ನು ಕೊಡಬೇಕೆಂದು ಅವನೂ ಅವನ ಜೊತೆ ಬಿಷಪರೂ ನಿರ್ಧರಿಸಿದರು. ಹೋರಾಟಕ್ಕೆ ಕರೆಯಲ್ಪಡುವವರನ್ನು ಕ್ರಿಸ್ತನ ಶರೀರ ರಕ್ತಗಳಿಂದ ಬಲಪಡಿಸದೆ ನಿರಾಯುಧರನ್ನಾಗಿ ಬಿಡಲಾಗದೆಂಬುದು ಅವರು ಕೊಟ್ಟ ಕಾರಣ. ಬಿದ್ದವನು ಮೊದಲು ತನ್ನ ಬಲವನ್ನು ತೋರಿಸಲಿ, ಆಮೇಲೆ ಕೃಪೆಯೆಂದು ಅವರು ಹೇಳಲಿಲ್ಲ. ಮೂರು ಸಾರಿ ಅಲ್ಲಗಳೆದ ಪೇತ್ರನಿಗೆ ಕುರಿಗಳನ್ನು ಒಪ್ಪಿಸಿಕೊಟ್ಟ ಕರ್ತನ ಕ್ರಮವೂ ಇದೇ ಅಲ್ಲವೇ?

ಇಲ್ಲಿ ಎರಡು ಎಚ್ಚರಿಕೆಗಳು ಅಗತ್ಯ. ಮೊದಲನೆಯದು: ಸಾಂತ್ವನವು ಪ್ರಲಾಪವನ್ನು ಅಡಗಿಸಬಾರದು. 88ನೆಯ ಕೀರ್ತನೆಯು ಸ್ತುತಿಯಲ್ಲಿ ಮುಗಿಯದೆ ಕತ್ತಲೆಯಲ್ಲಿಯೇ ಮುಗಿಯುತ್ತದೆ. ಆದರೂ ಅದು ದೇವರನ್ನು ಕುರಿತ ಪ್ರಾರ್ಥನೆಯೇ. ಅಂಥ ಪ್ರಾರ್ಥನೆಗೆ ನಮ್ಮ ಆರಾಧನೆಯಲ್ಲಿ ಸ್ಥಳವಿರಬೇಕು. ಎರಡನೆಯದು: ಸಾಂತ್ವನವು ಅನ್ಯಾಯಕ್ಕೆ ಒಪ್ಪಿಗೆಯಾಗಬಾರದು. ಫಿಲಿಪ್ಪಿಯ ಸೆರೆಯಲ್ಲಿ ಕೀರ್ತನೆ ಹಾಡಿದ ಪೌಲನೇ ಮರುದಿನ, ವಿಚಾರಣೆಯಿಲ್ಲದೆ ರೋಮಾಪುರದ ಹಕ್ಕುಳ್ಳವರನ್ನು ಹೊಡೆಸಿದ ಅಧಿಕಾರಿಗಳು ತಾವೇ ಬಂದು ಬಿಡುಗಡೆಮಾಡಬೇಕೆಂದು ಪಟ್ಟುಹಿಡಿದನು (ಅ.ಕೃ. 16:25, 37). ಹಾಡಿದ ಬಾಯಿಯೇ ನ್ಯಾಯವನ್ನೂ ಕೇಳಿತು. ಆದುದರಿಂದ ಹಿಂಸೆಗೊಳಗಾದವರಿಗೆ ತಾಳ್ಮೆಯನ್ನು ಬೋಧಿಸುವ ಸಭಾಪಾಲಕನು ಅವರಿಗೆ ಕಾನೂನಿನ ನೆರವನ್ನು ಒದಗಿಸುವುದು ನಂಬಿಕೆಯ ಕೊರತೆಯಲ್ಲ. ಮನೆಯೊಳಗೆ ಹೊಡೆತ ತಿನ್ನುವ ಸ್ತ್ರೀಗೆ ಶಿಲುಬೆಯನ್ನು ಹೊರಲು ಹೇಳಿ ಕಳುಹಿಸುವುದಂತೂ ಸಾಂತ್ವನವೇ ಅಲ್ಲ.

ಹೊಸ್ತಿಲಲ್ಲಿ ನಿಂತಿರುವ ಸಭಾಪಾಲಕನಿಗೆ ಪೌಲನು ಸಿದ್ಧವಾದ ಮಾತನ್ನು ಕೊಡುವುದಿಲ್ಲ. ಅವನು ಹೇಳುವುದು ಇಷ್ಟು: ಸಂತೈಸುವಾತನು ದೇವರು, ಸೇವಕನು ತಾನು ಹೊಂದಿದ್ದನ್ನು ಹಂಚುವವನು. ಆದಕಾರಣ ಒಳಗೆ ಹೋಗಿ ಕುಳಿತುಕೊಳ್ಳೋಣ. ಅಳುವವರ ಮಾತನ್ನು ಪೂರ್ತಿಯಾಗಿ ಕೇಳೋಣ. ಕಾರಣ ತಿಳಿಯದಿದ್ದರೆ ತಿಳಿಯದೆಂದು ಒಪ್ಪಿಕೊಳ್ಳೋಣ. ಕೂಸಿಗೆ ಹಾಲು, ಬಂದಿಗೆ ವಕೀಲ, ರೋಗಿಯ ಬಳಿ ರಾತ್ರಿ ಕಾಯುವವರು ಬೇಕಾಗಿದ್ದರೆ ಸಭೆಯಿಂದ ಅದನ್ನು ಏರ್ಪಡಿಸೋಣ. ಬಳಿಕ, ಸತ್ತವರನ್ನು ಎಬ್ಬಿಸುವ ದೇವರ ಹೆಸರನ್ನು ಹೇಳಿ ಪ್ರಾರ್ಥಿಸೋಣ. ಮುಂದಿನ ವಾರ ತಿರುಗಿ ಹೋಗೋಣ.