ಮೆಗಾಪಿಕ್ಸೆಲ್ ಹೆಚ್ಚಿದ್ದರೆ ಫೋಟೋ ಚೆನ್ನಾಗಿ ಬರುತ್ತದೆಯೇ? ಫೋನ್ ಕ್ಯಾಮೆರಾದೊಳಗೆ ನಡೆಯುವ ಲೆಕ್ಕ ಏನು?

"ಈ ಫೋನಿನಲ್ಲಿ 200 ಮೆಗಾಪಿಕ್ಸೆಲ್ ಇದೆ, ಇನ್ನು ದೊಡ್ಡ ಕ್ಯಾಮೆರಾ ಯಾಕೆ ಬೇಕು?", "ನೋಡಿ, ಫೋನಿನಲ್ಲೇ ಚಂದ್ರನ ಕುಳಿಗಳು ಕಾಣುತ್ತವೆ!" ಇಂಥ ಮಾತುಗಳು ಫೋಟೋ ಸಮೇತ ವಾಟ್ಸಾಪ್ ಗುಂಪುಗಳಲ್ಲಿ ಓಡಾಡುತ್ತಿರುತ್ತವೆ. ಇವುಗಳಲ್ಲಿ ಸ್ವಲ್ಪ ನಿಜವೂ ಇದೆ, ಸ್ವಲ್ಪ ತಪ್ಪು ತಿಳಿವಳಿಕೆಯೂ ಇದೆ. ಯಾವುದು ಯಾವುದೆಂದು ಬಿಡಿಸಿ ನೋಡೋಣ.

ಡಿಜಿಟಲ್ ಫೋಟೋ ಹುಟ್ಟುವುದು ಹೇಗೆ?

1975ರಲ್ಲಿ ಕೊಡಾಕ್ ಕಂಪನಿಯ ಎಂಜಿನಿಯರ್ ಸ್ಟೀವನ್ ಸ್ಯಾಸನ್ ಒಂದು ಡಿಜಿಟಲ್ ಕ್ಯಾಮೆರಾ ತಯಾರಿಸಿದರು. ಅದರ ತೂಕ ಸುಮಾರು ಮೂರೂವರೆ ಕಿಲೋ. ಅದು ತೆಗೆಯುತ್ತಿದ್ದುದು ಕಪ್ಪು-ಬಿಳುಪು ಚಿತ್ರ, ಅದರಲ್ಲಿದ್ದ ಚುಕ್ಕೆಗಳು ಕೇವಲ 10,000. ಅಂದರೆ 0.01 ಮೆಗಾಪಿಕ್ಸೆಲ್! ಆ ಒಂದು ಚಿತ್ರವನ್ನು ಕ್ಯಾಸೆಟ್ ಟೇಪಿಗೆ ತುಂಬಲು 23 ಸೆಕೆಂಡು ಹಿಡಿಯುತ್ತಿತ್ತು.

ಈಗ ನಮ್ಮ ಜೇಬಿನ ಫೋನು ಕಣ್ಣು ಮಿಟುಕಿಸುವಷ್ಟರಲ್ಲಿ ಕೋಟಿಗಟ್ಟಲೆ ಚುಕ್ಕೆಗಳನ್ನು ಓದುತ್ತದೆ. ಇಲ್ಲಿ ಒಂದು ಸ್ವಾರಸ್ಯವಿದೆ. ಸೆನ್ಸರಿನ ಚುಕ್ಕೆಗೆ ಬಣ್ಣ ಗೊತ್ತಾಗುವುದಿಲ್ಲ, ಎಷ್ಟು ಬೆಳಕು ಬಿತ್ತು ಎಂಬುದಷ್ಟೇ ಗೊತ್ತು. ಅದಕ್ಕಾಗಿ ಪ್ರತಿ ಚುಕ್ಕೆಯ ಮೇಲೂ ಕೆಂಪು, ಹಸಿರು ಅಥವಾ ನೀಲಿ ಬಣ್ಣದ ಚಿಕ್ಕ ಸೋಸುಗವನ್ನು ಕೂರಿಸಿರುತ್ತಾರೆ. ಕೊಡಾಕ್‌ನಲ್ಲೇ ಇದ್ದ ಬ್ರೈಸ್ ಬೇಯರ್ ಎಂಬ ವಿಜ್ಞಾನಿಗೆ 1976ರಲ್ಲಿ ಈ ಜೋಡಣೆಗೆ ಪೇಟೆಂಟ್ ಸಿಕ್ಕಿತು. ಹೀಗಾಗಿ ಒಂದು ಚುಕ್ಕೆ ಅಳೆಯುವುದು ಒಂದೇ ಬಣ್ಣವನ್ನು. ಉಳಿದೆರಡು ಬಣ್ಣಗಳನ್ನು ಅಕ್ಕಪಕ್ಕದ ಚುಕ್ಕೆಗಳನ್ನು ನೋಡಿ ಲೆಕ್ಕ ಹಾಕಲಾಗುತ್ತದೆ. ನಮ್ಮ ಬಹುತೇಕ ಬಣ್ಣದ ಫೋಟೋಗಳಲ್ಲಿ ಮೂರನೇ ಎರಡು ಪಾಲು ಬಣ್ಣ ಹೀಗೆ ಲೆಕ್ಕದಿಂದ ಬಂದದ್ದೇ.

ಮೆಗಾಪಿಕ್ಸೆಲ್ ಎಷ್ಟಿದ್ದರೆ ಸಾಕು?

ಒಂದು ಮೆಗಾಪಿಕ್ಸೆಲ್ ಎಂದರೆ ಹತ್ತು ಲಕ್ಷ ಚುಕ್ಕೆ. ಫುಲ್ ಎಚ್‌ಡಿ ಪರದೆಯಲ್ಲಿ ಇರುವುದೇ ಸುಮಾರು 2 ಮೆಗಾಪಿಕ್ಸೆಲ್. ಎ4 ಹಾಳೆಯಷ್ಟು ದೊಡ್ಡ ಫೋಟೋವನ್ನು ಸ್ಪಷ್ಟವಾಗಿ ಮುದ್ರಿಸಲು 9 ಮೆಗಾಪಿಕ್ಸೆಲ್ ಸಾಕು.

ಹಾಗಾದರೆ 108, 200 ಯಾಕೆ? ಅಂಥ ಫೋನುಗಳು ಸಾಮಾನ್ಯವಾಗಿ ಅಕ್ಕಪಕ್ಕದ 9 ಅಥವಾ 16 ಚುಕ್ಕೆಗಳನ್ನು ಸೇರಿಸಿ ಒಂದು ಮಾಡಿ, ಕೊನೆಗೆ 12 ಮೆಗಾಪಿಕ್ಸೆಲ್ ಆಸುಪಾಸಿನ ಚಿತ್ರವನ್ನೇ ಕೊಡುತ್ತವೆ. ಚುಕ್ಕೆ ಚಿಕ್ಕದಾದಷ್ಟೂ ಅದಕ್ಕೆ ಸಿಗುವ ಬೆಳಕು ಕಡಿಮೆ. ಒಂದೇ ಅಂಗಳವನ್ನು ನೂರು ಚೌಕ ಮಾಡಿದರೂ ಇನ್ನೂರು ಚೌಕ ಮಾಡಿದರೂ ಒಟ್ಟು ಬೀಳುವ ಮಳೆ ಅಷ್ಟೇ ತಾನೆ?

ಅಂಗಳದ ಅಳತೆಯಲ್ಲೇ ವ್ಯತ್ಯಾಸ ಇರುವುದು. ದೊಡ್ಡ 'ಫುಲ್ ಫ್ರೇಮ್' ಕ್ಯಾಮೆರಾದ ಸೆನ್ಸರ್ 36 × 24 ಮಿ.ಮೀ. ಇರುತ್ತದೆ. ಫೋನುಗಳಲ್ಲಿ ಬಹಳ ದೊಡ್ಡದು ಎನಿಸಿಕೊಂಡ 'ಒಂದು ಇಂಚಿನ' ಸೆನ್ಸರ್ ಕೂಡ ಸುಮಾರು 13 × 9 ಮಿ.ಮೀ. ಮಾತ್ರ. ವಿಸ್ತೀರ್ಣದಲ್ಲಿ ಏಳು ಪಟ್ಟು ಚಿಕ್ಕದು.

ಒಮ್ಮೆ ಒತ್ತಿದರೆ ಎಷ್ಟು ಫೋಟೋ?

ಈ ಕೊರತೆಯನ್ನು ಫೋನು ತುಂಬಿಕೊಳ್ಳುವುದು ತನ್ನ ಚಿಪ್‌ನ ಬಲದಿಂದ. ನಾವು ಗುಂಡಿ ಒತ್ತುವುದು ಒಂದೇ ಸಲ, ಆದರೆ ಫೋನು ಹಲವು ಚಿತ್ರಗಳನ್ನು ತೆಗೆದಿರುತ್ತದೆ. ಅವನ್ನು ಒಂದರ ಮೇಲೊಂದು ಸರಿಯಾಗಿ ಕೂರಿಸಿ, ಸರಾಸರಿ ತೆಗೆಯುತ್ತದೆ. ಕತ್ತಲಲ್ಲಿ ತೆಗೆದ ಫೋಟೋದಲ್ಲಿ ಕಾಣುವ ಮರಳಿನಂಥ ಚುಕ್ಕಿಗಳು ಪ್ರತಿ ಚಿತ್ರದಲ್ಲೂ ಬೇರೆ ಬೇರೆ ಕಡೆ ಇರುವುದರಿಂದ ಸರಾಸರಿಯಲ್ಲಿ ತಗ್ಗುತ್ತವೆ. 9 ಚಿತ್ರ ಸೇರಿಸಿದರೆ ಈ ಕಲಬೆರಕೆ ಮೂರನೇ ಒಂದಕ್ಕೆ, 16 ಸೇರಿಸಿದರೆ ಕಾಲುಭಾಗಕ್ಕೆ ಇಳಿಯುತ್ತದೆ. 2018ರಲ್ಲಿ ಗೂಗಲ್ ಪಿಕ್ಸೆಲ್ ಫೋನುಗಳಿಗೆ ಬಂದ 'ನೈಟ್ ಸೈಟ್' ಹೀಗೆ 15 ಚಿತ್ರಗಳವರೆಗೆ ಸೇರಿಸುತ್ತಿತ್ತು.

ಇಲ್ಲಿಯವರೆಗೆ ಮೋಸವೇನೂ ಇಲ್ಲ. ಬಂದ ಬೆಳಕನ್ನೇ ಫೋನು ಜಾಣತನದಿಂದ ಕೂಡಿಹಾಕುತ್ತಿದೆ.

ಚಂದ್ರನ ಫೋಟೋದಲ್ಲಿ ನಡೆಯುವುದೇನು?

ಫೋನಿನ ಮುಖ್ಯ ಲೆನ್ಸಿನಲ್ಲಿ ತೆಗೆದ 4,000 ಚುಕ್ಕೆ ಅಗಲದ ಚಿತ್ರದಲ್ಲಿ ಚಂದ್ರನ ಪಾಲಿಗೆ ಬರುವುದು 30 ಚುಕ್ಕೆಗೂ ಕಡಿಮೆ ಅಗಲ. ಜೂಮ್ ಲೆನ್ಸ್ ಇದ್ದರೆ ಇನ್ನಷ್ಟು ವಿವರ ಸಿಗುತ್ತದೆ, ಆದರೂ ಮಿತಿ ಇದ್ದೇ ಇದೆ. 2023ರಲ್ಲಿ ರೆಡಿಟ್ ಜಾಲತಾಣದ ಬಳಕೆದಾರರೊಬ್ಬರು ಬೇಕೆಂದೇ ಮಸುಕು ಮಾಡಿದ ಚಂದ್ರನ ಚಿತ್ರವನ್ನು ಕಂಪ್ಯೂಟರ್ ಪರದೆಯ ಮೇಲಿಟ್ಟು, ಕತ್ತಲ ಕೋಣೆಯಲ್ಲಿ ಸ್ಯಾಮ್‌ಸಂಗ್ ಫೋನಿನಿಂದ ಫೋಟೋ ತೆಗೆದರು. ಪರದೆಯ ಮೇಲೆ ಇಲ್ಲದ ಕುಳಿಗಳು ಫೋಟೋದಲ್ಲಿ ಮೂಡಿದ್ದವು! ಚಂದ್ರನನ್ನು ಗುರುತಿಸಿ, ಕೃತಕ ಬುದ್ಧಿಮತ್ತೆಯಿಂದ ವಿವರಗಳನ್ನು ತೀಡುವ ವ್ಯವಸ್ಥೆ ಫೋನಿನಲ್ಲಿದೆ ಎಂದು ಕಂಪನಿಯೂ ವಿವರಿಸಿತು.

ಬಂದ ಬೆಳಕನ್ನು ಕೂಡಿಸುವುದು ಒಂದು, ಬಾರದ ವಿವರವನ್ನು ಊಹಿಸಿ ತುಂಬುವುದು ಇನ್ನೊಂದು. ಈ ಎರಡರ ನಡುವಿನ ಗೆರೆಯನ್ನು ನಾವು ನೆನಪಿಡಬೇಕು.

ಇದರಿಂದ ನಮಗೇನು ತೊಂದರೆ?

ಹಬ್ಬದ ಫೋಟೋ ಕೊಂಚ ಚೆಂದವಾದರೆ ನಷ್ಟವಿಲ್ಲ. ಆದರೆ 2020ರಲ್ಲಿ ಕೇಂದ್ರ ಸರ್ಕಾರದ ಟೆಲಿಮೆಡಿಸಿನ್ ಮಾರ್ಗಸೂಚಿ ಬಂದ ಮೇಲೆ ವೈದ್ಯರಿಗೆ ಫೋಟೋ ಕಳಿಸಿ ಸಲಹೆ ಕೇಳುವುದು ಮಾಮೂಲಾಗಿದೆ. ಮುಖ ನುಣುಪು ಮಾಡುವ 'ಬ್ಯೂಟಿ' ಸೆಟ್ಟಿಂಗ್ ಚಾಲೂ ಇದ್ದರೆ ಚರ್ಮದ ಮೇಲಿನ ಗುಳ್ಳೆಯನ್ನೂ ಅದು ಅಳಿಸಬಹುದು. ಕಾಮಾಲೆ ಇರಬಹುದೆಂದು ಮಗುವಿನ ಕಣ್ಣಿನ ಫೋಟೋ ತೆಗೆದರೆ, ಫೋನು ತಾನಾಗಿಯೇ ಬಣ್ಣ ಸರಿಪಡಿಸಲು ಹೋಗಿ ಹಳದಿಯನ್ನು ತಗ್ಗಿಸಬಹುದು. ಹಳದಿ ಬಲ್ಬಿನ ಕೆಳಗಾದರೆ ಇಲ್ಲದ ಹಳದಿಯೂ ಕಾಣಬಹುದು. ಆದ್ದರಿಂದ ಕಾಮಾಲೆಯ ಅನುಮಾನವಿದ್ದರೆ ಫೋಟೋ ನಂಬಿ ಕೂರದೆ ವೈದ್ಯರಿಗೆ ನೇರವಾಗಿ ತೋರಿಸಿ.

ನಾವು ಕಲಿಯಬೇಕಾದದ್ದೇನು?

ಚಿಪ್ ಎಷ್ಟೇ ಚುರುಕಾದರೂ ಈ ಕೆಲಸಗಳು ನಮ್ಮ ಕೈಯಲ್ಲೇ ಇವೆ:

1. ಲೆನ್ಸ್ ಒರೆಸಿ. ಬೆರಳಿನ ಜಿಡ್ಡು ಅಂಟಿದ್ದರೆ ದೀಪದ ಸುತ್ತ ಮಂಜು ಕವಿದಂತೆ ಕಾಣುತ್ತದೆ. ಮೆತ್ತನೆಯ ಹತ್ತಿ ಬಟ್ಟೆ ಸಾಕು.

2. ಬೆಳಕು ಹುಡುಕಿ. ಕಿಟಕಿಯನ್ನು ಬೆನ್ನಿಗೆ ಹಾಕಿ ಯಾರನ್ನೂ ನಿಲ್ಲಿಸಬೇಡಿ, ಕಿಟಕಿಯತ್ತ ಮುಖ ಮಾಡಿ ನಿಲ್ಲಿಸಿ.

3. ಮುಖದ ಮೇಲೆ ಬೆರಳು ಒತ್ತಿ. ಫೋಕಸ್ ಮತ್ತು ಬೆಳಕಿನ ಅಳತೆಗಳೆರಡೂ ಅಲ್ಲಿಗೆ ಹೊಂದಿಕೊಳ್ಳುತ್ತವೆ. ಬಹಳಷ್ಟು ಫೋನುಗಳಲ್ಲಿ ಆಗ ಕಾಣುವ ಸೂರ್ಯನ ಗುರುತನ್ನು ಎಳೆದು ಬೆಳಕು ಹೆಚ್ಚು-ಕಡಿಮೆ ಮಾಡಬಹುದು.

4. ಹತ್ತಿರ ಹೋಗಿ. ಎರಡು ಬೆರಳಿನಿಂದ ಹಿಗ್ಗಿಸುತ್ತಾ ಹೋದರೆ, ಲೆನ್ಸಿನ ಮಿತಿ ದಾಟಿದ ಮೇಲೆ ಸಿಗುವುದು ಹಿಗ್ಗಿದ ಚಿತ್ರವಷ್ಟೇ.

5. ರಾತ್ರಿ ಅಲುಗಾಡಿಸಬೇಡಿ. ಗುಂಡಿ ಒತ್ತಿದ ಮೇಲೂ ಫೋನು ಚಿತ್ರ ಕೂಡಿಸುತ್ತಿರುತ್ತದೆ. ಗೋಡೆಗೋ ಕಂಬಕ್ಕೋ ಒರಗಿ ನಿಂತರೆ ಒಳ್ಳೆಯದು. ಓಡಾಡುವ ಮಕ್ಕಳಿಗೆ ನೈಟ್ ಮೋಡ್ ಹೊಂದುವುದಿಲ್ಲ.

6. ವೈದ್ಯರಿಗೆ ಕಳಿಸುವಾಗ ಬ್ಯೂಟಿ, ಫಿಲ್ಟರ್ ಎಲ್ಲ ಆಫ್ ಮಾಡಿ, ಹಗಲು ಬೆಳಕಿನಲ್ಲಿ ತೆಗೆಯಿರಿ. ಗಾತ್ರ ತಿಳಿಯಲು ಪಕ್ಕದಲ್ಲಿ ಒಂದು ಸ್ಕೇಲ್ ಇಡಿ.

7. ಮೂಲ ಫೋಟೋ ಉಳಿಸಿಕೊಳ್ಳಿ. ವಾಟ್ಸಾಪ್‌ನಲ್ಲಿ ಫೋಟೋ ಆಗಿ ಕಳಿಸಿದರೆ ಅದು ಕುಗ್ಗುತ್ತದೆ. ತೆಗೆದ ದಿನ, ಸಮಯದಂಥ ಮಾಹಿತಿಯೂ ಕಳಚಿಹೋಗುತ್ತದೆ. 'ಡಾಕ್ಯುಮೆಂಟ್' ಆಗಿ ಕಳಿಸಿದರೆ ಎಲ್ಲವೂ ಹಾಗೇ ಹೋಗುತ್ತದೆ. ಆದರೆ ಅದರಲ್ಲಿ ನೀವು ಇದ್ದ ಜಾಗದ ವಿವರವೂ ಇರಬಹುದು, ಅಪರಿಚಿತರಿಗೆ ಕಳಿಸುವಾಗ ಎಚ್ಚರ.

ಒಟ್ಟಿನಲ್ಲಿ

ಮೆಗಾಪಿಕ್ಸೆಲ್ ಹೆಚ್ಚಿದ್ದರೆ ಫೋಟೋ ಚೆನ್ನಾಗಿ ಬರುತ್ತದೆ ಎಂಬುದು ಅರ್ಧ ಸತ್ಯ. ಬೆಳಕು, ಲೆನ್ಸ್, ಸೆನ್ಸರಿನ ಗಾತ್ರ, ಚಿಪ್‌ನ ಲೆಕ್ಕ ಮತ್ತು ತೆಗೆಯುವವರ ತಿಳಿವಳಿಕೆ ಎಲ್ಲವೂ ಸೇರಿದರೆ ಒಳ್ಳೆಯ ಫೋಟೋ. ಮುಂದಿನ ಸಲ ಅಚ್ಚರಿಯ ಫೋಟೋವೊಂದು ನಿಮ್ಮ ಗುಂಪಿಗೆ ಬಂದಾಗ, ಫಾರ್ವರ್ಡ್ ಮಾಡುವ ಮುನ್ನ ಒಂದು ಪ್ರಶ್ನೆ ಕೇಳಿಕೊಳ್ಳಿ: ಇದರಲ್ಲಿ ಕ್ಯಾಮೆರಾ ಕಂಡದ್ದೆಷ್ಟು, ಊಹಿಸಿದ್ದೆಷ್ಟು?