ಊರ ಶಾಲೆಗೆ ಹಿರಿಯರ ಹೆಸರಿನ ದತ್ತಿ

ಒಬ್ಬರ ಹೆಸರಿನಲ್ಲಿ ಅಥವಾ ಅವರ ಹಿರಿಯರ ನೆನಪಿನಲ್ಲಿ ಕೊಟ್ಟ ಹಣವನ್ನು ಮುಟ್ಟದೆ ಠೇವಣಿಯಾಗಿ ಉಳಿಸಿ, ಅದರಿಂದ ವರ್ಷವರ್ಷ ಬರುವ ಬಡ್ಡಿಯನ್ನಷ್ಟೇ ದಾನಿ ಗೊತ್ತುಮಾಡಿದ ಉದ್ದೇಶಕ್ಕೆ ಬಳಸುವ ವ್ಯವಸ್ಥೆಯೇ ದತ್ತಿನಿಧಿ. ಅಮೆರಿಕದ ಹಾರ್ವರ್ಡ್ ಕಾಲೇಜಿಗೆ ಲೇಡಿ ಆನ್ ಮೌಲ್ಸನ್ 1643ರಲ್ಲಿ ಕೊಟ್ಟ 100 ಪೌಂಡ್ ಈ ಬಗೆಯ ವಿದ್ಯಾರ್ಥಿವೇತನಕ್ಕೆ ಹಳೆಯ ಉದಾಹರಣೆ. ಇಂದಿನ ಅಂತರರಾಷ್ಟ್ರೀಯ ಶಾಲೆಗಳು ಸಂಗೀತಕ್ಕೊಂದು, ಗ್ರಂಥಾಲಯಕ್ಕೊಂದು, ಶುಲ್ಕ ಕಟ್ಟಲಾಗದ ಮಕ್ಕಳಿಗೊಂದು ಎಂದು ದಾನಿಗಳ ಹೆಸರಿನ ನಿಧಿಗಳನ್ನು ಕಟ್ಟಿಕೊಳ್ಳುವುದು ಅದೇ ಕ್ರಮದಲ್ಲಿ. ಚಿಕ್ಕಮಗಳೂರು ಜಿಲ್ಲೆಯ ಕಡೂರು, ತರೀಕೆರೆ, ಅಜ್ಜಂಪುರ ಸೀಮೆಯ ಸರ್ಕಾರಿ ಮತ್ತು ಅನುದಾನಿತ ಶಾಲೆಗಳಿಗೂ ದತ್ತಿ ಹೊಸದಲ್ಲ. ಮೊತ್ತ ಸಣ್ಣದು, ಆದರೆ ಪರಂಪರೆ ಹಾರ್ವರ್ಡಿಗಿಂತ ಬಹಳ ಹಿಂದಿನದು.

ಇಂದಿನ ಚಿಕ್ಕಮಗಳೂರು ಜಿಲ್ಲೆಗೆ 1947ರವರೆಗೆ ಕಡೂರು ಜಿಲ್ಲೆ ಎಂದೇ ಹೆಸರಿದ್ದುದರಿಂದ, ಬಿ.ಎಲ್. ರೈಸ್ 1901ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯಾ ಕರ್ನಾಟಿಕಾದ 6ನೇ ಸಂಪುಟ ಕಡೂರು ಜಿಲ್ಲೆಯ ಶಾಸನಗಳೆಂದೇ ಪ್ರಸಿದ್ಧವಾಗಿದೆ, ಮತ್ತು ಅದರ ಬಹುಭಾಗ ದತ್ತಿಗಳ ದಾಖಲೆಯೇ ಆಗಿದೆ. ತರೀಕೆರೆಯ ಸಮೀಪದ ಅಮೃತಾಪುರದಲ್ಲಿ ಹೊಯ್ಸಳ ಎರಡನೇ ವೀರಬಲ್ಲಾಳನ ದಂಡನಾಯಕ ಅಮೃತೇಶ್ವರನು 1196ರಲ್ಲಿ ಕಟ್ಟಿಸಿದ ದೇವಾಲಯವಿದ್ದು, ಅಲ್ಲಿನ ದೊಡ್ಡ ಶಾಸನವನ್ನು ರಚಿಸಿದವನು ಕವಿ ಜನ್ನನೆಂಬುದು ವಿದ್ವಾಂಸರ ಅಭಿಪ್ರಾಯ. ದಾನಿಯ ಹೆಸರು ಎಂಟು ಶತಮಾನ ಕಳೆದರೂ ಊರಿನ ಹೆಸರಾಗಿಯೇ ಉಳಿದಿದೆ. ಆ ಕಾಲದ ದತ್ತಿಗಳು ಹೆಚ್ಚಾಗಿ ಭೂಮಿಯ ರೂಪದಲ್ಲಿದ್ದವು: ವಿದ್ವಾಂಸರ ಜೀವನಕ್ಕೆ ಬಿಟ್ಟ ಭೂಮಿ ಭಟ್ಟವೃತ್ತಿ, ಮಕ್ಕಳಿಗೆ ಅಕ್ಷರ ಕಲಿಸುವುದು ಬಾಲಶಿಕ್ಷೆ. ನಾಣ್ಯದ ದತ್ತಿಯೂ ಇತ್ತು. ಗದ್ಯಾಣವೆಂಬ ಚಿನ್ನದ ನಾಣ್ಯಗಳನ್ನು ಠೇವಣಿಯಿಟ್ಟು, ಅದರ ಬಡ್ಡಿಯಿಂದ ಗೊಮ್ಮಟನ ಅಭಿಷೇಕಕ್ಕೆ ಹಾಲು ಒದಗಿಸುವ ಏರ್ಪಾಡು ಶ್ರವಣಬೆಳಗೊಳದ ಶಾಸನಗಳಲ್ಲಿ ಕಾಣುತ್ತದೆ.

ಓದಿಗೆ ಕೊಟ್ಟ ದತ್ತಿ ಎಷ್ಟು ವಿವರವಾಗಿರಬಲ್ಲದು ಎಂಬುದನ್ನು ಅರಿಯಲು ವಿಜಯಪುರ ಜಿಲ್ಲೆಯ ಸಾಲೋಟಗಿಯ ಶಾಸನವನ್ನು ನೋಡಬೇಕು. ರಾಷ್ಟ್ರಕೂಟ ಮೂರನೇ ಕೃಷ್ಣನ ಮಂತ್ರಿ ನಾರಾಯಣನು 945ರ ಹೊತ್ತಿಗೆ ಅಲ್ಲಿ ಕಟ್ಟಿಸಿದ ಶಾಲೆಗೆ ನಾನಾ ಜನಪದಗಳ ವಿದ್ಯಾರ್ಥಿಗಳು ಬರುತ್ತಿದ್ದರು. ಅವರ ವಾಸಕ್ಕೆ 27 ನಿವೇಶನಗಳು, ದೀಪಕ್ಕೆ 12 ನಿವರ್ತನ ಭೂಮಿ (ನಿವರ್ತನವೆಂದರೆ ಅಂದಿನ ಒಂದು ಭೂಅಳತೆ), ಗುರುವಿನ ಜೀವನಕ್ಕೆ ಬೇರೆಯೇ ಭೂಮಿ ಗೊತ್ತಾಗಿದ್ದವಲ್ಲದೆ, ಊರಿನ ಪ್ರತಿ ಮದುವೆಗೆ 5 ನಾಣ್ಯ ಶಾಲೆಗೆ ಸಲ್ಲಬೇಕಿತ್ತು. ಕಲಬುರಗಿ ಸೀಮೆಯ ನಾಗಾವಿಯ ಘಟಿಕಾಸ್ಥಾನದ, ಎಂದರೆ ಉನ್ನತ ವಿದ್ಯಾಕೇಂದ್ರದ, 1058ರ ಶಾಸನವು ಗುರುಗಳ ಜೊತೆಗೆ 6 ಮಂದಿ ಸರಸ್ವತೀ ಭಂಡಾರಿಗಳಿಗೂ, ಅಂದರೆ ಗ್ರಂಥಪಾಲಕರಿಗೂ, ಜೀವನಾಧಾರ ಕಲ್ಪಿಸುತ್ತದೆ. ರಾತ್ರಿ ಓದುವ ಹುಡುಗನಿಗೆ ಎಣ್ಣೆ ಬೇಕು, ಓಲೆಗರಿಗಳನ್ನು ಕಾಯುವವನಿಗೆ ಊಟ ಬೇಕು ಎಂದು ಯೋಚಿಸಿ ಕೊಟ್ಟ ದಾನವಿದು, ಮತ್ತು ದತ್ತಿಯ ನಿಜವಾದ ಹಿರಿಮೆ ಇರುವುದು ಈ ಯೋಚನೆಯಲ್ಲಿಯೇ.

ಇಂದಿನ ಶಾಲೆಗಳಲ್ಲಿ ದತ್ತಿ ನಡೆಯುವ ಬಗೆ ಸರಳ. ತಂದೆತಾಯಿಯ ಹೆಸರಿನಲ್ಲಿ ಮಕ್ಕಳೋ, ನಿವೃತ್ತರಾದ ಗುರುಗಳ ಹೆಸರಿನಲ್ಲಿ ಹಳೆಯ ವಿದ್ಯಾರ್ಥಿಗಳೋ ಕೊಟ್ಟ ಹಣ ಬ್ಯಾಂಕಿನಲ್ಲಿ ನಿಶ್ಚಿತ ಠೇವಣಿಯಾಗುತ್ತದೆ, ಎಫ್‌.ಡಿ. ಬಾಂಡು ಶಾಲೆಯ ಬೀರುವಿನಲ್ಲಿರುತ್ತದೆ. ಮುಖ್ಯ ಶಿಕ್ಷಕರ ಕೊಠಡಿಯ ಗೋಡೆಯ ಹಲಗೆಯ ಮೇಲೆ ದಾನಿಯ ಹೆಸರು, ಯಾರ ಸ್ಮರಣಾರ್ಥ, ಮೊತ್ತ, ಉದ್ದೇಶ ಎಂಬ ಕಲಮುಗಳಲ್ಲಿ ವಿವರ ಬರೆದಿರುತ್ತದೆ. 1915ರಲ್ಲಿ ಹುಟ್ಟಿದ ಕನ್ನಡ ಸಾಹಿತ್ಯ ಪರಿಷತ್ತಿನ ದತ್ತಿ ಉಪನ್ಯಾಸಗಳು ತಾಲ್ಲೂಕು ಘಟಕಗಳ ಮೂಲಕ ಶಾಲಾಕಾಲೇಜುಗಳಲ್ಲಿ ನಡೆಯುವುದೂ ಇಂಥ ನಿಧಿಗಳ ಬಡ್ಡಿಯಿಂದಲೇ.

ಆದರೆ ಶಾಲೆಯ ದತ್ತಿಗಳಲ್ಲಿ ಬಹುಪಾಲು ಎಸ್‌.ಎಸ್‌.ಎಲ್‌.ಸಿ.ಯಲ್ಲಿ ಪ್ರಥಮ ಬಂದವರಿಗೋ ಕನ್ನಡದಲ್ಲಿ ಹೆಚ್ಚು ಅಂಕ ಪಡೆದವರಿಗೋ ಮೀಸಲಾಗಿರುವುದರಿಂದ, ಒಂದೇ ಮಗು ವಾರ್ಷಿಕೋತ್ಸವದ ದಿನ ನಾಲ್ಕು ಸಲ ವೇದಿಕೆ ಹತ್ತುತ್ತದೆ, ನೆರವಿಲ್ಲದೆ ಓದು ಬಿಡುವ ಹಂತದಲ್ಲಿರುವ ಮಗು ಕೆಳಗೆ ಕುಳಿತು ಚಪ್ಪಾಳೆ ತಟ್ಟುತ್ತದೆ. ಪ್ರತಿಭೆಗೆ ಪುರಸ್ಕಾರ ಬೇಕು, ಸಂದೇಹವಿಲ್ಲ. ಆದರೂ ಸಾಲೋಟಗಿಯ ದಾನಿ ದೀಪಕ್ಕೆ ಭೂಮಿ ಬಿಟ್ಟನೇ ಹೊರತು ಮೊದಲ ಸ್ಥಾನಕ್ಕಲ್ಲ ಎಂಬುದನ್ನು ದತ್ತಿ ಕೊಡುವವರು ಗಮನಿಸಬೇಕಾಗಿದೆ.

ಹಣ ಸವೆಯುವುದು ಇನ್ನೊಂದು ತೊಡಕು. 1990ರ ದಶಕದ ನಡುವೆ ಶೇ. 12ರ ಬಡ್ಡಿಗೆ ಇಟ್ಟ 10,000 ರೂಪಾಯಿ ವರ್ಷಕ್ಕೆ 1,200 ರೂಪಾಯಿ ತರುತ್ತಿತ್ತು. ಅದೇ ಅಸಲು ಶೇ. 6.5ರ ದರದಲ್ಲಿ 650 ರೂಪಾಯಿ ತರುತ್ತದೆ, ಪುಸ್ತಕದ ಬೆಲೆಯಂತೂ ಇಳಿದಿಲ್ಲ. ಮುಖ್ಯ ಶಿಕ್ಷಕರು ವರ್ಗವಾಗಿ ಹೋದಾಗ ಬಾಂಡಿನ ಸಂಗತಿ ಹೊಸಬರಿಗೆ ತಿಳಿಯದೆ, 10 ವರ್ಷ ಯಾರೂ ವಿಚಾರಿಸದೆ ಉಳಿದ ಠೇವಣಿ ರಿಸರ್ವ್ ಬ್ಯಾಂಕಿನ ನಿಧಿಗೆ ಸೇರುತ್ತದೆ. ಅದನ್ನು ಮರಳಿ ಪಡೆಯಬಹುದಾದರೂ, ಕಾಗದಪತ್ರ ಹುಡುಕಿ ಓಡಾಡುವವರು ಬೇಕು. ಶಾಸನಗಳ ಕೊನೆಯಲ್ಲಿ ದತ್ತಿಯನ್ನು ಅಪಹರಿಸಿದವನಿಗೆ ಶಾಪ ಬರೆಯುತ್ತಿದ್ದುದು, ಕೊಡುವುದಕ್ಕಿಂತ ಕಾಪಾಡುವುದೇ ಹೆಚ್ಚಿನ ಪುಣ್ಯವೆನ್ನುತ್ತಿದ್ದುದು ಇದೇ ಆತಂಕದಿಂದ.

ದತ್ತಿಯ ಷರತ್ತುಗಳನ್ನು ಬರೆದಿಡುವ ದತ್ತಿಪತ್ರದಲ್ಲಿ ಈ ತೊಡಕುಗಳಿಗೆ ಪರಿಹಾರವನ್ನೂ ಬರೆಯಬಹುದು. ಶೇ. 6.5ರ ದರದಲ್ಲಿ 1 ಲಕ್ಷ ರೂಪಾಯಿಗೆ ಬರುವ 6,500 ರೂಪಾಯಿ ಬಡ್ಡಿಯಲ್ಲಿ 1,500 ರೂಪಾಯಿಯನ್ನು ಪ್ರತಿ ವರ್ಷ ಅಸಲಿಗೇ ಸೇರಿಸಬೇಕೆಂದು, ಉಳಿದುದನ್ನು ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ ಆಯಾ ವರ್ಷದ ಅಗತ್ಯ ನೋಡಿ ಬಳಸಬೇಕೆಂದು, ಲೆಕ್ಕವನ್ನು ಸೂಚನಾ ಫಲಕದಲ್ಲಿ ಹಾಕಬೇಕೆಂದು ಷರತ್ತಿಟ್ಟರೆ ಸಾಕು. 2023ರಿಂದ ಶಕ್ತಿ ಯೋಜನೆಯಡಿ ಹುಡುಗಿಯರಿಗೆ ಸರ್ಕಾರಿ ಬಸ್ಸಿನ ಪ್ರಯಾಣ ಉಚಿತವಾಗಿದೆ. ಆ ಅನುಕೂಲವಿಲ್ಲದೆ ಹಳ್ಳಿಯಿಂದ ಬೀರೂರಿಗೋ ತರೀಕೆರೆಗೋ ಬರುವ ಹುಡುಗನ ಬಸ್ ಪಾಸು, ಇಬ್ಬರು ಮೂವರ ನೋಟ್‌ಬುಕ್ಕು, ಪರೀಕ್ಷಾ ಶುಲ್ಕ ಆ 5,000 ರೂಪಾಯಿಯಲ್ಲಿ ಕಳೆಯುತ್ತವೆ.