ಗಣಕಯಂತ್ರದ ಹೊಟ್ಟೆ ತುಂಬಿದಾಗ

ಮಗಳ ನಾಮಕರಣದಿಂದ ಹಿಡಿದು ಆಕೆಯ ಮದುವೆಯವರೆಗಿನ ಚಿತ್ರಗಳೆಲ್ಲ ಇಂದು ಗಣಕಯಂತ್ರದ ಹೊಟ್ಟೆಯಲ್ಲಿ ಕುಳಿತಿವೆ. ಒಂದು ದಿನ ಆ ಹೊಟ್ಟೆಯೂ ತುಂಬುತ್ತದೆ. ಇನ್ನು ಸ್ಥಳವಿಲ್ಲವೆಂದು ಯಂತ್ರ ಮೊಂಡು ಹಿಡಿಯುತ್ತದೆ. ಅಂಗಡಿಯಿಂದ ಎರಡನೆಯ ಹಾರ್ಡ್ ಡಿಸ್ಕನ್ನು ತರುವುದೇನೋ ಸುಲಭ. ಒಂದು ಚಿತ್ರವೂ ಕಳೆಯದಂತೆ ಎಲ್ಲವನ್ನೂ ಅದಕ್ಕೆ ಸಾಗಿಸುವುದು ಮಾತ್ರ ತಾಳ್ಮೆಯನ್ನು ಬೇಡುವ ಕೆಲಸ.

ವಿಂಡೋಸಿನಲ್ಲಿ ಪ್ರತಿ ಡಿಸ್ಕಿಗೂ ಒಂದೊಂದು ಅಕ್ಷರದ ಹೆಸರುಂಟು. ಲಿನಕ್ಸಿನಲ್ಲಿ ಆ ಪದ್ಧತಿಯಿಲ್ಲ. ಅಲ್ಲಿರುವುದು ಒಂದೇ ಮರ. ಹೊಸ ಡಿಸ್ಕನ್ನು ಅದರ ಯಾವುದಾದರೊಂದು ಕೊಂಬೆಗೆ ಕಸಿ ಕಟ್ಟಬೇಕು. ಬಲ್ಲವರು ಇದನ್ನು ಮೌಂಟ್ ಮಾಡುವುದೆನ್ನುತ್ತಾರೆ. ಲಿನಸ್ ಟೋರ್ವಾಲ್ಡ್ಸ್ ಲಿನಕ್ಸನ್ನು ಹೊರತಂದದ್ದು 1991ರಲ್ಲಿ. ಈ ಉಪಾಯ ಅದಕ್ಕಿಂತ ಹಳೆಯದು. ಅಮೆರಿಕದ ಬೆಲ್ ಲ್ಯಾಬ್ಸಿನ ಡೆನಿಸ್ ರಿಚಿ ಮತ್ತು ಕೆನ್ ಥಾಂಪ್ಸನ್ 1974ರಲ್ಲಿ ಪ್ರಕಟಿಸಿದ ಯೂನಿಕ್ಸ್ ಪ್ರಬಂಧದಲ್ಲಿಯೇ ಇದರ ವಿವರಣೆಯಿದೆ. ಅವರ ಯಂತ್ರದಲ್ಲಿಯೂ ಮರದ ಬೇರು ಒಂದು ಡಿಸ್ಕಿನಲ್ಲಿ, ಬಳಕೆದಾರರ ಕಡತಗಳು ಇನ್ನೊಂದರಲ್ಲಿ!

ಮೊದಲ ಕೆಲಸ, ಡಿಸ್ಕಿನ ಗುರುತು ಹಿಡಿಯುವುದು. ಎಲ್‌ಎಸ್‌ಬಿಎಲ್‌ಕೆ ಎಂಬ ಆಜ್ಞೆ ಕೊಟ್ಟರೆ ಡಿಸ್ಕುಗಳ ಹೆಸರೂ ಗಾತ್ರವೂ ಕಾಣುತ್ತವೆ. ಹೊಸತನ್ನು ಬಳಕೆಗೆ ಅಣಿಗೊಳಿಸುವ ಫಾರ್ಮ್ಯಾಟ್ ಕ್ರಿಯೆ ಅದರಲ್ಲಿದ್ದುದೆಲ್ಲವನ್ನೂ ಅಳಿಸುವಂಥದು. ಎಸ್‌ಡಿಬಿ ಎಂದು ಬರೆಯಬೇಕಾದಲ್ಲಿ ಎಸ್‌ಡಿಎ ಎಂದು ಬರೆದರೆ ಮದುವೆಯೂ ಹೋಯಿತು, ನಾಮಕರಣವೂ ಹೋಯಿತು. ಸಾಲದುದಕ್ಕೆ, ಯಂತ್ರವನ್ನು ಮತ್ತೆ ಚಾಲೂ ಮಾಡಿದಾಗ ಈ ಹೆಸರುಗಳು ಅದಲುಬದಲಾಗಲೂಬಹುದು. ಆದುದರಿಂದ ಗಾತ್ರವನ್ನು ಎರಡೆರಡು ಸಲ ನೋಡಿಯೇ ಮುಂದುವರಿಯತಕ್ಕದ್ದು.

ಸಾಗಿಸು ಎಂಬರ್ಥದ 'ಎಂವಿ' ಆಜ್ಞೆಯನ್ನು ಇಲ್ಲಿ ನೆಚ್ಚಬಾರದು. ಒಂದೇ ಡಿಸ್ಕಿನೊಳಗೆ ಅದು ಖಾತೆ ಬದಲಾವಣೆಯಷ್ಟೆ: ಜಮೀನು ಇದ್ದಲ್ಲಿಯೇ ಇರುತ್ತದೆ, ಪುಸ್ತಕದಲ್ಲಿ ಹೆಸರು ಬದಲಾಗುತ್ತದೆ. ಡಿಸ್ಕಿನಿಂದ ಡಿಸ್ಕಿಗಾದರೋ, ಅದು ನಕಲು ಮಾಡಿ ಮೂಲವನ್ನು ಅಳಿಸುತ್ತದೆ. ನಡುವೆ ಕರೆಂಟು ಹೋದರೆ, ಯಾವುದು ಎಲ್ಲಿದೆಯೆಂದು ಹುಡುಕುವ ಪಾಡು ನಮ್ಮದು. ಆಂಡ್ರ್ಯೂ ಟ್ರಿಜೆಲ್, ಪಾಲ್ ಮ್ಯಾಕೆರಾಸ್ ಇಬ್ಬರೂ 1996ರಲ್ಲಿ ಹೊರತಂದ 'ಆರ್‌ಸಿಂಕ್' ಹೆಚ್ಚು ಸಂಭಾವಿತ. ಅದು ಮೂಲವನ್ನು ಮುಟ್ಟುವುದಿಲ್ಲ. ಕೆಲಸ ನಿಂತಲ್ಲಿಂದ ಮತ್ತೆ ಕರೆದರೆ ಬಂದುದನ್ನು ಬಿಟ್ಟು ಉಳಿದುದನ್ನು ತರುತ್ತದೆ. ಆಜ್ಞೆಗೆ 'ಎ' ಅಕ್ಷರವನ್ನು ಸೇರಿಸಿ, ರೂಟ್ ಅಧಿಕಾರದಿಂದ ನಡೆಸಿದರೆ ಕಡತಗಳ ಒಡೆತನ, ದಿನಾಂಕಗಳೂ ಉಳಿಯುತ್ತವೆ.

ಹಲವರು ಎಡವುವುದು ಇದರ ನಂತರ. ನಕಲು ಮುಗಿಯಿತೆಂದು ಹೊಸ ಡಿಸ್ಕನ್ನು ನೇರವಾಗಿ 'ಹೋಮ್' ಕೊಂಬೆಗೆ ಕಟ್ಟಿಬಿಡುತ್ತಾರೆ. ಎಲ್ಲವೂ ಸರಿಯಾಗಿ ಕಾಣುತ್ತದೆ. ಆದರೆ ಮೊದಲ ಡಿಸ್ಕು ತುಂಬಿದಂತೆಯೇ ಇದೆ! ಇದೇನು ಮಾಯೆ? ಹಾಸಿದ ಜಮಖಾನದಡಿಯ ನೆಲದಂತೆ ಹಳೆಯ ಕಡತಗಳು ಹೊಸದರ ಕೆಳಗೆ ಮರೆಯಾಗಿವೆ, ಅಷ್ಟೆ. ಕಣ್ಣಿಗೆ ಬೀಳವು, ಜಾಗವನ್ನೂ ಬಿಡವು. ಇದಕ್ಕಾಗಿಯೇ ಬಳಕೆದಾರರಾರೂ ಲಾಗಿನ್ ಆಗಿರದ ವೇಳೆ ಹಳೆಯ ಹೋಮಿಗೆ ಬೇರೆ ಹೆಸರಿಟ್ಟು, ಅದರ ಸ್ಥಾನದಲ್ಲಿ ಬರಿದಾದ ಹೊಸ ಹೋಮನ್ನು ಮಾಡಿ, ಅದಕ್ಕೆ ಡಿಸ್ಕನ್ನು ಕಟ್ಟಬೇಕು.

ಈ ಕಟ್ಟು ಪ್ರತಿದಿನವೂ ತಾನಾಗಿ ಆಗಬೇಕಾದರೆ ಎಫ್‌ಎಸ್‌ಟ್ಯಾಬ್ ಎಂಬ ಕಡತದಲ್ಲಿ ಒಂದು ಸಾಲು ಬರೆಯಬೇಕು. ಅಲ್ಲಿ ಎಸ್‌ಡಿಬಿ ಎಂಬ ಚಂಚಲ ಹೆಸರು ಬೇಡ. ಬದಲಾಗದ ಯುಯುಐಡಿ ಸಂಖ್ಯೆಯಿರಲಿ. ಬಳಿಕ ಯಂತ್ರವನ್ನು ಆರಿಸಿ, ಮತ್ತೆ ಹೊತ್ತಿಸಿ, ನಾಲ್ಕಾರು ದಿನ ಕಡತಗಳನ್ನು ತೆರೆದು ನೋಡಿರಿ. ಹಳೆಯ ಪ್ರತಿಯನ್ನು ಅಳಿಸಿದೊಡನೆ ಚಿತ್ರಗಳು ಮತ್ತೆ ಒಂದೇ ಡಿಸ್ಕಿನ ಪಾಲು. ಮೂರನೆಯ ಕಡೆ ಇನ್ನೊಂದು ಪ್ರತಿಯಿದ್ದವರು ಅಳಿಸಬಹುದು; ಇಲ್ಲದವರಿಗೆ ಅವಸರವೇನಿದೆ?